ಎಲ್ಲಕ್ಕಿಂತ ಮುಂದಿನ ಹಡಗು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಅಕ್ಕ ಅನ್ನದವರೇ ಇರಲಿಲ್ಲ. ನರ್ಸುಗಳಿಗೆ ಅಕ್ಕ, ಕಸ ಗುಡಿಸುವವರಿಗೆ ಅಕ್ಕ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಮೀಸೆ ಚಿಗುರದ ಡಾಕ್ಟರಿಗೂ ಅಕ್ಕ. "ಅಕ್ಕಾ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಆಯ್ತಾ?" ಆಯ್ತು. "ಅಕ್ಕಾ, ಮಕ್ಕಳ ವಾರ್ಡಿಗೆ ಚಾದರ?" ಬಂತು. ರಕ್ತ ಹತ್ತಿದ ಬಟ್ಟೆಯನ್ನು ತಣ್ಣೀರಿನಲ್ಲೇ ನೆನೆಸಬೇಕು, ಬಿಸಿನೀರು ತಾಗಿತೋ ಕಲೆ ಅಲ್ಲೇ ಮನೆ ಮಾಡಿಕೊಂಡುಬಿಡುತ್ತದೆ. ಒಗೆದದ್ದನ್ನು ಆವಿಯ ರೋಲರಿನೊಳಗೆ ಬಿಟ್ಟು, ಆಚೆ ಕಡೆ ಹೊರಬಂದ ಚಾದರವನ್ನು ಸುಡುಸುಡುವಾಗಲೇ ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ಆ ಬಿಸಿಗೆ ಅವಳ ಬೆರಳ ತುದಿಗಳು ಎಂದೋ ಮರಗಟ್ಟಿದ್ದವು.

ಮನೆಗೆ ಬಂದರೆ ಅಲ್ಲೂ ಅಕ್ಕನೇ. ಇದ್ದದ್ದು ಒಬ್ಬನೇ ತಮ್ಮ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು, ನೆತ್ತಿಯ ಕೂದಲು ಹೋಗಿತ್ತು, ಬೆಳೆದದ್ದು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಪಾರ್ಸೆಲ್ ಗೋದಾಮಿನಲ್ಲಿ ಕೆಲಸಕ್ಕಿದ್ದ. ಮೇಲಿನವನ ಜೊತೆ ಜಗಳ ಮಾಡಿಕೊಂಡು, "ಇಂಥ ನಾಯಿಪಾಡು ಯಾರಿಗೆ ಬೇಕು" ಅಂತ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು ಕೂತ. ಕೂತವನು ಏಳಲೇ ಇಲ್ಲ. ಬೇರೆ ಕೆಲಸ ಹುಡುಕುತ್ತಿದ್ದೇನೆ ಅನ್ನುತ್ತಿದ್ದ. ಹುಡುಕಾಟವೆಲ್ಲ ಕಂಪ್ಯೂಟರಿನೊಳಗೇ ನಡೆಯುತ್ತಿತ್ತು, ಅದೂ ಸಮುದ್ರದಲ್ಲಿ.

ಅವನು ಆಡುತ್ತಿದ್ದದ್ದು ಯುದ್ಧದ ಹಡಗುಗಳ ಆಟ. ಢಂ ಢಂ ಅಂತ ಬೆಂಕಿ ಕಾರುವ ಮಕ್ಕಳಾಟವಲ್ಲ ಅದು, ಹಾಗಂದವರ ಮೇಲೆ ಹರಿಹಾಯುತ್ತಿದ್ದ. ಕಪ್ಪುನೀಲಿ ಭೂಪಟ, ಅದರ ಮೇಲೆ ಇಷ್ಟಿಷ್ಟೇ ಗುರುತುಗಳು. ನಮ್ಮವು ನೀಲಿ, ಅವರವು ಕೆಂಪು. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಗಾಳಿ ಎಷ್ಟು, ಅಲೆ ಎಷ್ಟು, ಟ್ಯಾಂಕಿನಲ್ಲಿ ಎಣ್ಣೆ ಎಷ್ಟು ಅಂತ ನೋಡುತ್ತಾ ಕೂತಿರಬೇಕು. ಆಮೇಲೆ ಒಂದು ಗುರುತು ಸದ್ದಿಲ್ಲದೆ ಮಾಯವಾಗುತ್ತದೆ. ಅಷ್ಟೇ, ನೂರಾರು ಜನ ನೀರುಪಾಲು. ಅದರಲ್ಲಿ ಅವನು ಗಟ್ಟಿಗ ಅನ್ನುವುದನ್ನು ಒಪ್ಪಬೇಕು. ದೂರದೂರದ ದೇಶಗಳವರು ಅವನನ್ನು ಕಮಾಂಡರ್ ಅನ್ನುತ್ತಿದ್ದರು. ಓಣಿಯವರೂ ಕಮಾಂಡರ್ ಅನ್ನುತ್ತಿದ್ದರು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು.

ಅಕ್ಕನಿಗೆ ಆ ಆಟದ ತಲೆಬುಡ ತಿಳಿಯದು. ತಟ್ಟೆ ತಂದಿಡುವಳು, ಖಾಲಿ ತಟ್ಟೆ ಎತ್ತಿಕೊಂಡು ಹೋಗುವಳು. ತನಗೆ ಬಂದ ಸಂಬಂಧಗಳನ್ನು "ಇವನಿಗೊಂದು ದಾರಿಯಾಗಲಿ" ಅಂತ ಮುಂದೆ ತಳ್ಳಿದಳು. ದಾರಿಯೇನೋ ಆಗಲಿಲ್ಲ, ಬರುತ್ತಿದ್ದ ಸಂಬಂಧಗಳು ನಿಂತುಹೋದವು. ಅವಳಿಗೆ ನಲವತ್ತಾರಾಯಿತು.

ಇಷ್ಟರಲ್ಲಿ ಆ ಆಂಬುಲೆನ್ಸ್ ಡ್ರೈವರ್. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಮನುಷ್ಯ, ಮಾತು ಕಮ್ಮಿ. ಸ್ಟ್ರೆಚರಿನ ಬಟ್ಟೆ ಕೊಡಲು ಲಾಂಡ್ರಿಗೆ ಬರುತ್ತಿದ್ದ. ಒಂದು ದಿನ ಜೊತೆಗಾರ್ತಿ ರಜೆ ಹಾಕಿದ್ದಳು. ಅಕ್ಕ ಒಬ್ಬಳೇ ಚಾದರದ ಒಂದು ತುದಿಯನ್ನು ಗದ್ದದಡಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದದ್ದನ್ನು ನೋಡಿ ಅವನು ಸುಮ್ಮನೆ ಬಂದು ಇನ್ನೊಂದು ತುದಿ ಹಿಡಿದ. "ಅಯ್ಯೋ, ಬಿಸಿ ಇದೆ, ಬಿಡ್ರೀ!" ಅಂದಳು. "ಇರ್ಲಿ ಬಿಡಿ, ನಿಮ್ಮ ಕೈ ಏನು ಕಲ್ಲಾ?" ಅಂದ. ಅವಳ ಕೈಯ ವಿಷಯ ಅದುವರೆಗೆ ಯಾರೂ ಎತ್ತಿರಲಿಲ್ಲ. ಆಮೇಲೆ ಅವನು ಬಂದಾಗಲೆಲ್ಲ ನಾಲ್ಕು ಚಾದರ ಮಡಿಸಿಕೊಟ್ಟೇ ಹೋಗುತ್ತಿದ್ದ. ಇಡೀ ಆಸ್ಪತ್ರೆಯಲ್ಲಿ ಅವನೊಬ್ಬ ಮಾತ್ರ ಅವಳನ್ನು ಅಕ್ಕ ಅನ್ನಲಿಲ್ಲ. ಇವರೇ, ನೋಡಿ ಇವರೇ, ಅನ್ನುತ್ತಿದ್ದ. ಹೆಂಗಸಿಗೆ ಅಷ್ಟು ಅರ್ಥವಾಗುವುದಿಲ್ಲವೇ?

ಅವನಿಗೆ ತನ್ನ ಊರಿನ ಕಡೆಗೇ ವರ್ಗವಾಯಿತು. ಗುರುವಾರ, ಚಾದರದ ಎರಡು ತುದಿ ಜೋಡಿಸಲು ಹತ್ತಿರ ಬಂದಾಗ, ಕೇಳೇಬಿಟ್ಟ. "ಇವರೇ, ನನ್ನ ಜೊತೆ ಬಂದುಬಿಡ್ತೀರಾ? ಮರ್ಯಾದೆಯಾಗಿ ಮದುವೆ ಮಾಡಿಕೊಂಡೇ ಕರ್ಕೊಂಡು ಹೋಗ್ತೀನಿ. ನಮ್ಮತ್ತಿಗೆ ಒಂದು ಕಡೆ ಹೆಣ್ಣು ನೋಡಿಟ್ಟಿದಾರೆ, ಹೂಂ ಅನ್ನು ಅಂತ ಪ್ರಾಣ ತಿಂತಿದಾರೆ. ಭಾನುವಾರದ ತನಕ ತಡೆದಿದೀನಿ. ಅವತ್ತು ಸಂಜೆ ಬಸ್ಸು. ಅದಕ್ಕೆ ಮುಂಚೆ ನಿಮ್ಮನೆಗೆ ಬಂದು ಉತ್ತರ ಕೇಳ್ಕೊಂಡು ಹೋಗ್ತೀನಿ."

ಅವಳು ಅಲ್ಲೇ ಹೂಂ ಅನ್ನಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. "ತಮ್ಮನಿಗೆ ಒಂದು ಮಾತು ಹೇಳಿಬಿಡ್ತೀನಿ" ಅಂದಳು. ಹಾಳಾದ ತಮ್ಮ! ಗುರುವಾರ ಹೇಳೋಣವೆಂದರೆ ಅವನು ಭಾನುವಾರದ ಫೈನಲ್ ಪಂದ್ಯಕ್ಕೆ ತಯಾರಿ ನಡೆಸಿದ್ದ. ಶುಕ್ರವಾರವೂ ಅದೇ. ಶನಿವಾರ ಅವಳಿಗೇ ಡ್ಯೂಟಿ, ಬರುವ ಹೊತ್ತಿಗೆ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವನೊಂದಿಗೋ ವಾದಕ್ಕಿಳಿದಿದ್ದ. ಹೀಗೆ ಭಾನುವಾರವೇ ಬಂದುಬಿಟ್ಟಿತು.

ಮಧ್ಯಾಹ್ನ ಅವಳು ಒಳ್ಳೆಯ ಸೀರೆ ಉಟ್ಟು, ಕುರ್ಚಿ ಎಳೆದುಕೊಂಡು ತಮ್ಮನ ಪಕ್ಕದಲ್ಲಿ ಕೂತಳು. ಫೈನಲ್ ಆಗಲೇ ಶುರುವಾಗಿತ್ತು, ಎದುರಾಳಿ ಯಾವುದೋ ದೇಶದ ಹಲ್ಲಿನ ಡಾಕ್ಟರಂತೆ. ಮಾತಿಗೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ, "ಇದೇನೋ ಇದು, ನಂಗೂ ಸ್ವಲ್ಪ ಹೇಳ್ಕೊಡೋ" ಅಂದಳು.

ಕಮಾಂಡರನ ಮುಖ ಊರಗಲವಾಯಿತು. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. "ನೋಡಕ್ಕ, ಹಡಗನ್ನ ಒತ್ತಬೇಕು. ಆಮೇಲೆ ಎಲ್ಲಿಗೆ ಹೋಗ್ಬೇಕೋ ಆ ನೀರಿನ ಮೇಲೆ ಒತ್ತಬೇಕು. ತಾನೇ ಹೋಗುತ್ತೆ. ಹಡಗಿಗೆಲ್ಲ ನಾನೇ ಹೆಸರಿಟ್ಟಿದೀನಿ. ಇದು ಎಲ್ಲಕ್ಕಿಂತ ದೊಡ್ಡದು, ಮೇಲೆ ವಿಮಾನ ಇಳಿಯುತ್ತೆ. ಇದರ ಹೆಸರು ಕಮಾಂಡರ್. ಇದು ಎಣ್ಣೆ ಹಡಗು, ಎಲ್ಲರಿಗೂ ಎಣ್ಣೆ ತುಂಬಿಸೋದು ಇದೇ. ಇದು ಅಪ್ಪ."

ತೀರಿಕೊಂಡ ಅಪ್ಪ ಎಣ್ಣೆ ಹಡಗಾದದ್ದು ಕೇಳಿ ಅವಳಿಗೆ ನಗು ಬಂತು. "ನಾನೆಲ್ಲಿದೀನೋ ಮಾರಾಯ?"

"ಇಗೋ, ಇಲ್ಲಿ" ಅಂತ ಬೆರಳಿಟ್ಟ. ಉಳಿದೆಲ್ಲ ಗುರುತುಗಳಿಂದ ದೂರ, ಎಲ್ಲಕ್ಕಿಂತ ಮುಂದೆ, ಒಂದೇ ಒಂದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಕ್ಕ. ಅವಳಿಗೆ ನಿಜಕ್ಕೂ ಹೆಮ್ಮೆಯಾಯಿತು. ನೋಡಿ, ಎಂಥ ಹುಚ್ಚಿ!

"ಎಲ್ಲರಿಗಿಂತ ಮುಂದೆ ಇಟ್ಟಿದೀಯಲ್ಲೋ!"

"ಮತ್ತೆ? ರೇಡಾರ್ ಹಾಕಿದ್ರೆ ನಮಗೆ ಅವರು ಕಾಣ್ತಾರೆ, ಅವರಿಗೆ ನಾವೂ ಕಾಣ್ತೀವಿ. ಅದಕ್ಕೆ ದೊಡ್ಡ ಹಡಗೆಲ್ಲ ರೇಡಾರ್ ಆರಿಸ್ಕೊಂಡು ಸುಮ್ನೆ ಹಿಂದೆ ಇರುತ್ತೆ. ಅಕ್ಕ ಒಬ್ಬಳೇ ಹಾಕ್ಕೊಂಡು ಮುಂದೆ ನಿಂತಿರ್ತಾಳೆ. ಎಲ್ಲರ ಪರವಾಗಿ ಅವಳು ನೋಡ್ತಾಳೆ."

"ಆಗ ಹೊಡೆತ?"

"ಮೊದಲು ಅವಳಿಗೇ. ಅವರ ಕ್ಷಿಪಣಿ ಅವಳ ಮೇಲೆ ಖರ್ಚಾಗುತ್ತೆ, ಅಷ್ಟರಲ್ಲಿ ನಾನು ಅವರನ್ನ ಮುಗಿಸಿಬಿಡ್ತೀನಿ." ಅವನ ಕಣ್ಣು ಹೊಳೆಯುತ್ತಿತ್ತು. "ಹಳೇ ಹಡಗು, ಹೋದ್ರೂ ಅಂಥಾ ನಷ್ಟ ಇಲ್ಲ. ಆದ್ರೆ ನಾನು ಗೆದ್ದಿದ್ದೆಲ್ಲ ಅಕ್ಕನಿಂದಲೇ ಕಣೇ. ದೇವರಾಣೆಗೂ."

"ಎಷ್ಟು ಸಲ ಮುಳುಗಿದೀನಿ?"

"ಪ್ರತಿ ಸಲ" ಅಂದ, ಪ್ರೀತಿಯಿಂದಲೇ ಅಂದ.

ಅವಳು ಎದ್ದು ಕಿಟಕಿಗೆ ಹೋಗಿ ಓಣಿಯ ತುದಿಯವರೆಗೂ ನೋಡಿದಳು. ಯಾರೂ ಇಲ್ಲ. ಬಂದು ಕೂತಳು. ಇವತ್ತು ಹೇಳಿಯೇ ಸಿದ್ಧ ಅಂತ ಬಾಯಿ ತೆರೆದಳು. ಮತ್ತೆ ಎದ್ದಳು, ಮತ್ತೆ ನೋಡಿದಳು.

"ಯಾರನ್ನ ಕಾಯ್ತಿದೀಯ, ಆ ಡ್ರೈವರ್‌ನಾ?" ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬರಲ್ಲ ಬಿಡು."

"ಏನಂದೆ?"

"ನಿನ್ನೆ ನೀನು ಡ್ಯೂಟಿಗೆ ಹೋದ್ಮೇಲೆ ಬಂದಿದ್ದ. ಮೊದಲು ನನ್ನ ಹತ್ರ ಮಾತಾಡಬೇಕಂತೆ, ದೊಡ್ಡಸ್ತಿಕೆ. ಅಕ್ಕನಿಗೆ ಇಷ್ಟ ಇಲ್ಲ, ಮುಖಕ್ಕೆ ಹೇಳೋಕೆ ಸಂಕೋಚ ಅಂತ ನನ್ನ ಹತ್ರ ಹೇಳಿದಾಳೆ ಅಂದೆ. ಹೋದ."

"ನಾನು ಯಾವಾಗ ಹಾಗಂದೆ?"

"ಅಂತೀಯ ಅಂತ ಗೊತ್ತಿತ್ತು. ನೀನು ಹೋದ್ರೆ ಈ ಮನೇಲಿ ಯಾರಿದಾರೆ? ನನ್ನ ಗತಿ ಏನು? ಸ್ವಲ್ಪ ಯೋಚ್ನೆ ಮಾಡಕ್ಕ."

ಅವಳು ಅಡುಗೆಮನೆಯ ಹಿಂದಿನ ಬಾಗಿಲಿಗೆ ಹೋಗಿ ಡ್ರೈವರ್‌ಗೆ ಫೋನ್ ಮಾಡಿದಳು. ಅವನು ತಕ್ಷಣ ಎತ್ತಿದ. ನಾಚಿಕೆ ಬಿಟ್ಟು, ಒಂದೇ ಉಸಿರಿನಲ್ಲಿ ಹೇಳಿದಳು. "ಅವನು ಹೇಳಿದ್ದು ಸುಳ್ಳು. ನಾನು ಹಾಗೆ ಅಂದಿಲ್ಲ. ನಾನು ಬರ್ತೀನಿ. ಸೀರೆ ಉಟ್ಕೊಂಡು ಕಾಯ್ತಾ ಕೂತಿದೀನಿ."

ಆ ಕಡೆ ಬಸ್ ನಿಲ್ದಾಣದ ಗಲಾಟೆ.

"ನಿನ್ನೆ ರಾತ್ರಿ ಅತ್ತಿಗೆಗೆ ಹೂಂ ಅಂದುಬಿಟ್ಟೆ" ಅಂದ. "ಅವರು ಬೆಳಿಗ್ಗೆನೇ ಹೋಗಿ ಹೆಣ್ಣಿನ ಮನೇಲಿ ಮಾತು ಕೊಟ್ಟು ಬಂದಿದಾರೆ. ಆಕೆನೂ ನೊಂದ ಜೀವ. ಈಗ ಇಲ್ಲ ಅಂದ್ರೆ ಆಕೆ ಏನಾಗ್ಬೇಕು? ನನ್ನಿಂದಾಗಲ್ಲ. ಕ್ಷಮಿಸಿಬಿಡಿ... ಅಕ್ಕ."

ಫೋನ್ ಇಟ್ಟಮೇಲೂ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಇವರೇ ಅನ್ನುತ್ತಿದ್ದ ಬಾಯಿ ಅದು. ಒಳಗಿನಿಂದ ಕೂಗು ಬಂತು. "ಅಕ್ಕಾ, ನೀರು!" ಅವಳು ಅಲುಗಲಿಲ್ಲ. "ಅಕ್ಕಾ, ಕಿವಿ ಕೇಳಲ್ವಾ? ಗಂಟಲು ಒಣಗ್ತಿದೆ!" ಎರಡು ಸಲ ಕರೆದು ನೋಡಿ, ಗೊಣಗುತ್ತಾ ತಾನೇ ಎದ್ದು ಬಂದ. ಅವನು ಲೋಟ ಎಲ್ಲಿದೆ ಅಂತ ತಡಕಾಡುತ್ತಿರುವಾಗ ಅವಳು ಅವನನ್ನು ದಾಟಿ ಹೋಗಿ ಅವನ ಕುರ್ಚಿಯಲ್ಲಿ ಕೂತಳು.

ಕುರ್ಚಿ ಬೆಚ್ಚಗಿತ್ತು. ಅಕ್ಕ ಅಂತ ಬರೆದಿದ್ದ ಗುರುತನ್ನು ಒತ್ತಿದಳು. ಆಮೇಲೆ ಕೆಂಪಿಲ್ಲದ, ನೀಲಿಯೂ ಇಲ್ಲದ, ಯಾರೂ ಇಲ್ಲದ ಒಂದು ಮೂಲೆಯ ನೀರಿನ ಮೇಲೆ ಒತ್ತಿದಳು. ಹಡಗು ತಿರುಗಿತು, ಅವನು ಹೇಳಿದ್ದ ಹಾಗೆಯೇ ತಾನೇ ಹೋಯಿತು.

ಲೋಟ ಹಿಡಿದು ಬಂದ ಕಮಾಂಡರ್ ಪರದೆ ನೋಡಿ ಕಿಟಾರನೆ ಕಿರುಚಿದ. "ಏನ್ಮಾಡಿದ್ಯೇ ರಾಕ್ಷಸಿ!" ಅವಳ ಕೈ ತಳ್ಳಿ, ಅದನ್ನೊತ್ತಿ ಇದನ್ನೊತ್ತಿ ಒದ್ದಾಡಿದ. ಮುಂದೆ ನಿಂತು ನೋಡುವವರೇ ಇಲ್ಲದ ಮೇಲೆ ಬರುತ್ತಿರುವುದು ಕಾಣುವುದು ಹೇಗೆ? ಹಲ್ಲಿನ ಡಾಕ್ಟರ್ ಬಿಟ್ಟ ಕ್ಷಿಪಣಿಗಳು ತೀರಾ ಹತ್ತಿರ ಬಂದಮೇಲೇ ಕಂಡವು. ಕಮಾಂಡರ್ ಅನ್ನುವ ಗುರುತು ಮಾಯವಾಯಿತು. ಸ್ವಲ್ಪ ಹೊತ್ತಿಗೆ ಅಪ್ಪನೂ ಹೋದ, ಉಳಿದ ನೀಲಿ ಗುರುತುಗಳೂ ಹೋದವು. ತಮ್ಮ ತಲೆಯ ಮೇಲೆ ಕೈ ಹೊತ್ತು ನೆಲದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಪರದೆಯ ತುಂಬ ಕಪ್ಪುನೀಲಿ ನೀರು, ಮೂಲೆಯಲ್ಲಿ ಒಂದೇ ಒಂದು ಗುರುತು. ಇದೇ ಮೊದಲ ಸಲ ಅದು ಮುಳುಗದೆ ಉಳಿದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಇದು ಈಗ ಎಲ್ಲಿಗೆ ಹೋಗುತ್ತೋ?" ಅಂತ ಕೇಳಿದಳು.

"ಎಲ್ಲಿಗೆ ಹೋಗುತ್ತೆ, ಮಣ್ಣು!" ಅಂದ ಅವನು ಮೂಗು ಒರೆಸಿಕೊಳ್ಳುತ್ತಾ. "ಎಣ್ಣೆ ಹಡಗು ಮುಳುಗಿಸಿದ್ಯಲ್ಲ. ಹತ್ತಿರದಲ್ಲಿ ಒಂದು ಬಂದರೂ ಇಲ್ಲ. ಎಣ್ಣೆ ಮುಗಿಯೋ ತನಕ ತೇಲಿಕೊಂಡಿರುತ್ತೆ."

ಅವಳು ಒಳಗೆ ಹೋಗಿ ಸೀರೆ ಬಿಚ್ಚಿ ಮಡಿಸಿದಳು. ಆ ಸೀರೆಗೆ ಇನ್ನೊಂದು ತುದಿ ಹಿಡಿಯುವವರು ಬೇಕಾಗಿರಲಿಲ್ಲ, ಹಾಸಿಗೆಯ ಮೇಲೆ ಹಾಸಿ ಒಬ್ಬಳೇ ಮಡಿಸಬಹುದಿತ್ತು.

ಒಂದು ವಾರ ಅವನು ಅವಳೊಂದಿಗೆ ಮಾತು ಬಿಟ್ಟಿದ್ದ. ಆಮೇಲೆ ಹೊಸ ಪಂದ್ಯಗಳು ಶುರುವಾದವು. ಎಲ್ಲಕ್ಕಿಂತ ಮುಂದೆ ನಿಲ್ಲುವ ಹಡಗಿಗೆ ಈಗ ಅಕ್ಕ ಅನ್ನುವ ಹೆಸರಿಲ್ಲ, ಬರೀ ಒಂದು ನಂಬರು. "ನಿನ್ನ ಇನ್ನು ನಂಬೋಕಾಗಲ್ಲ" ಅಂದ, ಅವಳು ತಂದಿಟ್ಟ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾ.