ನಮ್ಮ ಬೀದಿಯ ಒಂದೇ ಪಿಕೊ ಮಿಷನ್

ತೊಂಬತ್ತರ ದಶಕದ ಕೊನೆಯಲ್ಲಿ ಗುಬ್ಬಿಯ ನಮ್ಮ ಬೀದಿಗೆ ಸೀರೆಯಂಚು ಹೊಲಿಯುವ ಪಿಕೊ ಮಿಷನ್ ಬಂತು. ನನ್ನ ಮನೆಗಲ್ಲ, ಎದುರುಮನೆಗೆ. ಅಲ್ಲಿಯವರೆಗೆ ಬೀದಿಯ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ನಾನು. ಸೀರೆಯ ಕೆಳಅಂಚಿಗೆ ಒಳಗಡೆಯಿಂದ ಫಾಲ್ಸ್ ಪಟ್ಟಿ ಹಚ್ಚುತ್ತಿದ್ದವಳೂ ನಾನೇ. ಪಟ್ಟಿಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕೈಹೊಲಿಗೆ.

ಎದುರುಮನೆಯವಳು ಪಿಕೊ, ಫಾಲ್ಸ್ ಎರಡನ್ನೂ ಮಿಷನ್ನಿನಲ್ಲೇ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದಳು. ಆ ಸದ್ದು ನನ್ನ ಅಡಿಗೆಮನೆಗೂ ಕೇಳುತ್ತಿತ್ತು. ಕರೆಂಟ್ ಹೋಗಿ ಅದು ನಿಂತರೆ ನನಗೆ ಖುಷಿ. ಅವಳು ಫಾಲ್ಸ್ ನೆನೆಸುತ್ತಿರಲಿಲ್ಲ. ಅದನ್ನು ನೋಡಿಯೂ ನಾನು ಅವಳಿಗೆ ಹೇಳಿಕೊಡಲಿಲ್ಲ. ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಅಂಚು ಸುಕ್ಕಾಗುತ್ತದೆ, ಗಿರಾಕಿಗಳು ವಾಪಸು ಬರುತ್ತಾರೆ ಎಂದು, ತಂತಿಯ ಮೇಲಿನ ಸೀರೆಗಳನ್ನು ನೋಡುತ್ತಾ ಕಾದೆ.

ಸುಕ್ಕೇನೋ ಬಂತು. ಪಕ್ಕದ ಮನೆಯ ಮೇಷ್ಟರ ಹೆಂಡತಿಯ ಸೀರೆಯಂಚು ಹಪ್ಪಳದ ಹಾಗೆ ಎದ್ದಿತ್ತು.

"ಹೋಗಿ ಕೇಳಲಿಲ್ವಾ?" ಎಂದೆ, ಒಳಗೊಳಗೇ ಹಿಗ್ಗುತ್ತಾ.

"ಕೇಳ್ದೆ ಕಣಕ್ಕ. ಬಟ್ಟೆನೇ ಹಂಗೆ ಅಂದ್ಲು. ಏನ್ ಮಾಡೋದು, ಇವಳನ್ನ ಬುಟ್ರೆ ಪಿಕೊಗೆ ತುಮಕೂರಿಗೇ ಹೋಗ್ಬೇಕಲ್ಲ" ಎನ್ನುತ್ತಾ ಇನ್ನೊಂದು ಸೀರೆ ಹಿಡಿದು ಎದುರುಮನೆಯ ಮೆಟ್ಟಿಲೇ ಹತ್ತಿದರು.

ಪಿಯುಸಿಯಲ್ಲಿದ್ದ ನನ್ನ ಮಗಳು ಅರ್ಥಶಾಸ್ತ್ರವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು: ಏಕಸ್ವಾಮ್ಯವೆಂದರೆ ಮಾರುವವರು ಒಬ್ಬರೇ, ಆ ಸರಕಿಗೆ ಹತ್ತಿರದ ಬದಲಿ ಇಲ್ಲ, ಬೇರೆಯವರು ಒಳಬರುವುದು ಕಷ್ಟ.

"ರೈಲ್ವೆ ಉದಾಹರಣೆ ಕೊಟ್ಟವ್ರೆ ಅಮ್ಮ" ಎಂದಳು. ರೈಲು ಯಾಕೆ, ಕಿಟಕಿ ತೆಗೆದು ನೋಡಿದ್ದರೆ ಸಾಕಿತ್ತು.

ಅದೇ ವರ್ಷ ಕುಣಿಗಲ್ಲಿನಲ್ಲಿ ತಂಗಿಯ ಮಗಳ ಮದುವೆ. ನನ್ನ ಹೊಸ ಸೀರೆಗೆ ಪಿಕೊ ಆಗಬೇಕಿತ್ತು. ಹಟಕ್ಕೆ ಬಿದ್ದು ಬಸ್ಸು ಹತ್ತಿದೆ. ತುಮಕೂರಿನ ಅಂಗಡಿಯವನು ವಾರ ಬಿಟ್ಟು ಬನ್ನಿ ಎಂದ. ಮದುವೆಗೆ ಉಳಿದದ್ದು ಮೂರೇ ದಿನ. ಮಾರನೆಯ ದಿನ, ಕೈಹೊಲಿಗೆಗೆ ಹೊತ್ತಿಲ್ಲವೆಂದು ಫಾಲ್ಸನ್ನೂ ಸೀರೆಯ ಜೊತೆ ಹಿಡಿದು ಎದುರುಮನೆಗೇ ಹೋದೆ.

"ಪಿಕೊ, ಫಾಲ್ಸ್ ಅಷ್ಟೇ ಆದ್ರೆ ಮುಂದಿನ ವಾರ ಆಯ್ತದೆ ಅಕ್ಕ. ಬ್ಲೌಸೂ ನಮ್ಮಲ್ಲೇ ಹೊಲಿಸೋರಿಗೆ ನಾಳೇನೇ ಕೊಡ್ತೀನಿ. ಎಲ್ಲರಿಗೂ ಹಂಗೇಯ."

ನನ್ನ ಗಿರಾಕಿಗಳ ರವಿಕೆಗಳು ಒಂದೊಂದಾಗಿ ರಸ್ತೆ ದಾಟಿದ್ದು ಹೇಗೆಂದು ಆಗ ತಿಳಿಯಿತು. ಮನೆಗೆ ಬಂದು, ಕತ್ತರಿ ಹಾಕಲು ತೆಗೆದಿಟ್ಟಿದ್ದ ರವಿಕೆ ಬಟ್ಟೆಯನ್ನು ಮಡಿಸಿ, ಒಯ್ದು ಅವಳ ಕೈಗೆ ಕೊಟ್ಟೆ.

ಅವಳು ಫಾಲ್ಸ್ ಪಟ್ಟಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಇದ್ಯಾಕಕ್ಕ ಇಷ್ಟು ಮೆತ್ತಗೈತೆ? ಹೊಸದಲ್ವಾ?"

ಹಿಂದಿನ ದಿನವೇ ನೆನೆಸಿ ಒಣಗಿಸಿದ್ದೆ.

"ಹಳೇದು ಕಣಮ್ಮ, ಪೆಟ್ಟಿಗೇಲಿ ಬಿದ್ದಿತ್ತು" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಂದೆ.