ಮುನಿ ಎಂದು ಕರೆದರೆ

ನನ್ನ ಮಗನಿಗೆ ಎರಡು ವರ್ಷ ತುಂಬುವವರೆಗೂ ಅವನ ಹೆಸರಿನ ಮೇಲೆ ನನಗೆ ಸಿಟ್ಟಿತ್ತು, ಭಯವಿರಲಿಲ್ಲ. ಭಯ ಆಮೇಲೆ ಬಂತು.

ಅವನ ಹೆಸರು ಮುನಿ. ಮುನಿರಾಜು ಅಲ್ಲ, ಮುನಿಸ್ವಾಮಿ ಅಲ್ಲ, ಬರೀ ಮುನಿ. ನಾನು ಮದುವೆಯಾಗಿ ಬಂದದ್ದು ಮಾಸ್ತಿ ಹತ್ತಿರದ ಒಂದು ಹಳ್ಳಿಗೆ. ಇಲ್ಲಿ ಕೆರೆ ಏರಿಯ ಕೊನೆಯಲ್ಲಿ, ಹುಣಸೆಮರದ ಬುಡದಲ್ಲಿ ಮುನೇಶ್ವರ ಇದ್ದಾನೆ. ಗುಡಿಯೇನಿಲ್ಲ. ಅರಿಶಿನ ಬಳಿದ ಮೂರು ಕಲ್ಲು, ನೆಟ್ಟ ಒಂದು ತ್ರಿಶೂಲ. ನಮ್ಮ ಕಡೆ ಯಾವ ಊರಿಗೆ ಹೋದರೂ ಹೀಗೊಬ್ಬ ಮುನೇಶ್ವರ ಸಿಗುತ್ತಾನೆ. ಅವನ ದೆಸೆಯಿಂದ ಊರಿಗೆ ಹತ್ತು ಜನ ಮುನಿವೆಂಕಟಪ್ಪಂದಿರು, ಮುನಿರಾಜುಗಳು, ಹೆಣ್ಣಾದರೆ ಮುನಿಯಮ್ಮಂದಿರು. ಮಾಲೂರಿನ ಬಸ್ ನಿಲ್ದಾಣದಲ್ಲಿ ನಿಂತು ‘ಮುನಿ’ ಎಂದು ಕೂಗಿದರೆ ನಾಲ್ಕು ತಲೆ ಈ ಕಡೆ ತಿರುಗುತ್ತವೆ.

ನಮ್ಮ ಅತ್ತೆಗೆ ಮೊದಲ ಎರಡು ಮಕ್ಕಳು ಉಳಿಯಲಿಲ್ಲವಂತೆ. ಮೂರನೆಯದು ಉಳಿದರೆ ನಿನ್ನ ಹೆಸರಿಡುತ್ತೇನೆ ಎಂದು ಅವರು ಹುಣಸೆಮರಕ್ಕೆ ಬಟ್ಟೆ ಕಟ್ಟಿ ಬಂದಿದ್ದರು. ಹುಟ್ಟಿದ್ದು ನನ್ನ ಗಂಡ. ಆದರೆ ನಮ್ಮ ಮಾವ ಹಟ ಹಿಡಿದು ತಮ್ಮ ತಂದೆಯ ಹೆಸರಿಟ್ಟರು. ಹರಕೆ ಹಾಗೇ ಉಳಿಯಿತು. ಅತ್ತೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಷ್ಟು ವರ್ಷ ಬದುಕಿದ್ದರು. ನನ್ನ ಮಗ ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಂತು ಅವರು ಆಡಿದ ಮೊದಲ ಮಾತೇ ಅದು: “ಈ ಸಲ ತಪ್ಪಿಸಬ್ಯಾಡ ಕಣಮ್ಮ.”

ನಾನು ಬೇರೆ ಹೆಸರು ಹುಡುಕಿಟ್ಟಿದ್ದೆ. ನನ್ನ ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು ಒಂದು ದಾರಿ ಕಂಡುಕೊಂಡರು. “ಉದ್ದಕ್ಕೆ ಬ್ಯಾಡ, ಬರೀ ಮುನಿ ಅಂತ ಇಡೋಣ ಕಣೇ. ಚಿಕ್ಕದಾಗಿದೆ. ಈಗಿನ ಕಾಲದ ಹೆಸರಿನ ಥರಾನೇ ಕೇಳ್ಸುತ್ತೆ.” ಅರ್ಥವನ್ನೂ ಫೋನಿನಲ್ಲಿ ನೋಡಿ ಓದಿ ಹೇಳಿದರು: ಮುನಿ ಅಂದರೆ ಋಷಿ, ಮನನ ಮಾಡುವವನು, ಮೌನವಾಗಿರುವವನು.

ನನ್ನ ತವರು ಶ್ರೀನಿವಾಸಪುರದ ಕಡೆ. ಮನೆಯಲ್ಲಿ ನಾವು ಆಡುವುದು ತೆಲುಗು. ನಾಮಕರಣದ ದಿನ ನನ್ನ ಅಮ್ಮ ತೊಟ್ಟಿಲ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ ನನ್ನ ಕಿವಿಯಲ್ಲಿ “ಆ ಪೇರು ವದ್ದಮ್ಮಾ” ಅಂದಳು. ಆ ಹೆಸರು ಬೇಡ. ಬಾವಿಯಲ್ಲಿ ಕೊಡ ಮುಳುಗಿದರೆ ನಾವು ‘ಮುನಿಗಿಪೋಯಿಂದಿ’ ಅನ್ನುತ್ತೇವೆ. ಮಗುವನ್ನು ಕರೆದಾಗಲೆಲ್ಲ ಅವಳಿಗೆ ಆ ಮುಳುಗುವ ಮಾತೇ ಕೇಳಿಸುತ್ತಿತ್ತಂತೆ. ನನಗೆ ಕೇಳಿಸುತ್ತಿದ್ದದ್ದು ಶಾಲೆಯಲ್ಲಿ ಓದಿದ ಕನ್ನಡ. ರಾಜ ಮುನಿದನು, ದೇವರು ಮುನಿದನು. ಕೋಪ ಮಾಡಿಕೊಂಡು ಮಾತು ಬಿಡುವುದು. ಅತ್ತೆಗೆ ದೇವರು, ಗಂಡನಿಗೆ ಋಷಿ, ಅಮ್ಮನಿಗೆ ಬಾವಿ, ನನಗೆ ಮುನಿಸು. ಎರಡೇ ಅಕ್ಷರದ ಹೆಸರು ಒಬ್ಬೊಬ್ಬರಿಗೆ ಒಂದೊಂದು ಥರ ಆಗಿತ್ತು.

ಮಗು ಮುದ್ದಾಗಿ ಬೆಳೆಯಿತು. ಹೊತ್ತಿಗೆ ಸರಿಯಾಗಿ ಕೂತ, ನಿಂತ, ಓಡಿದ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಾನು ಮಷೀನು ತುಳಿಯಲು ಕೂತರೆ ಸಾಕು, ಎಲ್ಲಿದ್ದರೂ ಓಡಿಬಂದು ಅದರ ಹಲಗೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದ. ಹಾಗೇ ನಿಂತು ಕಣ್ಣು ಮುಚ್ಚುತ್ತಿದ್ದ. ಮಷೀನಿನ ಸದ್ದು ಅವನಿಗೆ ಇಷ್ಟ ಎಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೆ.

ಮಾತು ಮಾತ್ರ ಬರಲಿಲ್ಲ. ಅತ್ತೆ, “ಗಂಡು ಮಕ್ಕಳು ತಡ ಕಣಮ್ಮ, ಇವನಪ್ಪನೂ ತಡವೇ” ಅಂದರು. ಪಕ್ಕದ ಮನೆಯಾಕೆ ಹಾಲು ಹಾಕಿ ಬರುವಾಗ ಅವನ ಗಲ್ಲ ಹಿಡಿದು ನಗುತ್ತಿದ್ದಳು: “ಹೆಸರಿಗೆ ತಕ್ಕಂಗವ್ನೆ ನೋಡು! ಮುನಿಗಳು ಎಲ್ಲಾದ್ರೂ ಮಾತಾಡ್ತಾರಾ?” ನಾವೂ ನಕ್ಕೆವು. ಅವನಿಗಿಂತ ಚಿಕ್ಕ ಮಕ್ಕಳು ಬೀದಿಯಲ್ಲಿ ತಾತಾ, ಬಸ್ಸು, ಮಮ್ಮು ಅನ್ನಲು ಶುರು ಮಾಡಿದ ಮೇಲೆ ನಾನು ನಗುವುದನ್ನು ಬಿಟ್ಟೆ.

ಯಾರೂ ಇಲ್ಲದಾಗ ಅವನನ್ನು ಪರೀಕ್ಷೆ ಮಾಡಲು ಶುರುಮಾಡಿದೆ. ಅವನು ಆಡಿಕೊಳ್ಳುತ್ತಿದ್ದಾಗ ಹಿಂದಿನಿಂದ ಹೋಗಿ ಚಪ್ಪಾಳೆ ತಟ್ಟುತ್ತಿದ್ದೆ. ಒಂದು ಸಲ ತಿರುಗುತ್ತಿದ್ದ, ಇನ್ನೊಂದು ಸಲ ಇಲ್ಲ. ತಿರುಗಿದ ದಿನ ನನಗೆ ಊಟ ಸೇರುತ್ತಿತ್ತು. ಅಡುಗೆಮನೆಯಿಂದ ಬೇಕೆಂದೇ ಸ್ಟೀಲ್ ತಟ್ಟೆ ಬೀಳಿಸುತ್ತಿದ್ದೆ. ನೆಲಕ್ಕೆ ಬಿದ್ದದ್ದು ತಿರುಗುತ್ತಾ ನಿಲ್ಲುವಾಗ ಅವನು ನೋಡುತ್ತಿದ್ದ. ಅದು ನೆಲದ ಅದುರು ಅವನ ಅಂಗಾಲಿಗೆ ತಾಕಿ ಇರಬಹುದು ಎಂದು ಆಗ ನನಗೆ ತಿಳಿಯದು. “ಏನಮ್ಮ, ದಿನಾ ತಟ್ಟೆ ಬೀಳಿಸ್ತೀಯ?” ಎಂದು ಅತ್ತೆ ಕೇಳಿದರೆ ಕೈ ಜಾರಿತು ಅನ್ನುತ್ತಿದ್ದೆ. ಗಂಡನಿಗೂ ಹೇಳಲಿಲ್ಲ. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಹೇಳಿದ್ದು ಅಮ್ಮನಿಗೆ ಮಾತ್ರ. ಅವಳು ಕಿವಿಯ ವಿಷಯ ಕೇಳಿಸಿಕೊಳ್ಳಲೇ ಇಲ್ಲ. “ನಾನು ಆವತ್ತೇ ಹೇಳಿದ್ನಾ? ಹೆಸರು ಮಗೂನ ಮುಳುಗಿಸ್ತಾ ಐತೆ” ಅಂದಳು. ಮುಳಬಾಗಿಲಿನ ಆಚೆ, ಆಂಧ್ರದ ಗಡಿ ಹತ್ತಿರ, ಹೆಸರಿನ ಅಕ್ಷರ ನೋಡಿ ಹೇಳುವ ಒಬ್ಬ ಯಜಮಾನರಿದ್ದರು. ಶ್ರೀನಿವಾಸಪುರಕ್ಕೆ ಹೋಗಿದ್ದಾಗ ಅಮ್ಮ ನನ್ನನ್ನೂ ಮಗುವನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಆತ ಒಳ್ಳೆಯವರೇ. ಮಗುವಿಗೆ ಬಾಳೆಹಣ್ಣು ಕೊಟ್ಟರು, ನಕ್ಷತ್ರ ಕೇಳಿದರು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. “ಈ ಹೆಸರು ಮಗುವಿಗೆ ಭಾರ. ತಪಸ್ಸಿಗೆ ಕೂತವನ ಹೆಸರು. ಬಾಯಿ ಕಟ್ಟುತ್ತೆ” ಅಂದರು. ನಾನು ಬಸ್ಸಿನಲ್ಲಿ ವಾಪಸ್ಸು ಬರುವಾಗ ಮಗುವನ್ನು ಎದೆಗೆ ಒತ್ತಿಕೊಂಡಿದ್ದೆ. ನಂಬಿದೆ ಎಂದು ಹೇಳಲಾರೆ, ನಂಬಲಿಲ್ಲ ಎಂದೂ ಹೇಳಲಾರೆ. ಹೆಸರು ಬದಲಾಯಿಸಿದರೆ ಹೋಗುವಂಥದ್ದಾದರೆ ಎಷ್ಟು ಸುಲಭ ಎಂದು ಮಾತ್ರ ಅನ್ನಿಸುತ್ತಿತ್ತು.

ಅವರು ಕೊಟ್ಟ ಹೊಸ ಹೆಸರು ಹರ್ಷಿತ್. ಊರಿಗೆ ವಾಪಸ್ಸು ಬಂದು ನಾನು ಆ ಹೆಸರಿನಲ್ಲಿ ಕರೆಯಲು ಶುರು ಮಾಡಿದಾಗ ಅತ್ತೆ ಜಗಳವಾಡಲಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

“ಮೊದಲೇ ಒಂದು ಸಲ ಮಾತು ತಪ್ಪಿಸಿದೀವಿ. ಈಗ ಕೊಟ್ಟಿದ್ದನ್ನ ಕಿತ್ಕೊಂಡ್ರೆ ಆಯಪ್ಪ ಮುನಿಸ್ಕೊಳಲ್ವಾ?”

“ಈಗ ಮುನಿಸ್ಕೊಂಡಿಲ್ವಾ ಅತ್ತೆ? ಮಗು ಬಾಯಿ ಬಿಡ್ತಿದೆಯಾ?” ಅಂದೆ. ಅವರಿಗೆ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ಸಂಜೆ ಒಬ್ಬರೇ ಕೆರೆ ಏರಿಯ ಕಡೆ ಹೋಗಿ ದೀಪ ಹಚ್ಚಿ ಬಂದರು. ನಾನು ಹೆದರಿದ ಹಾಗೇ ಅವರೂ ಹೆದರಿದ್ದಾರೆ ಎಂದು ನನಗೆ ಆಗ ಕಾಣಿಸಿತು. ಆದರೂ ನಾನು ಹರ್ಷಿತ್ ಎಂದೇ ಕರೆದೆ, ಅವರು ಮುನಿ ಎಂದೇ ಕರೆದರು. ನನ್ನ ಗಂಡ ಯಾವ ಹೆಸರೂ ಹಿಡಿಯದೆ ‘ಮಗಾ’ ಅಂದರು. ಮಗು ಯಾವುದಕ್ಕೂ ತಿರುಗಲಿಲ್ಲ.

ಟೊಮೆಟೊ ಕೊಯ್ಲಿನ ದಿನಗಳು. ಬುಟ್ಟಿ ತುಂಬಲು ಮನೆ ಮುಂದಿನ ಅಂಗಳಕ್ಕೆ ಒಂದು ಟೆಂಪೊ ಬಂದಿತ್ತು. ಡ್ರೈವರು ಅದನ್ನು ಹಿಂದಕ್ಕೆ ತೆಗೆಯುತ್ತಿದ್ದ. ರಿವರ್ಸ್ ಹಾಕಿದಾಗ ಬರುವ ಕುಯ್ ಕುಯ್ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ನಾನು ಜಗುಲಿಯ ಮೇಲಿದ್ದೆ, ಅತ್ತೆ ತೊಟ್ಟಿಯ ಹತ್ತಿರ. ಟೆಂಪೊದ ಹಿಂದೆ, ಚಕ್ರದ ನೇರಕ್ಕೆ, ನನ್ನ ಮಗ ಕುಕ್ಕರಗಾಲಲ್ಲಿ ಕೂತು ಬಿದ್ದ ಟೊಮೆಟೊ ಆರಿಸುತ್ತಿದ್ದ. ಬೆನ್ನು ಗಾಡಿಗೆ.

“ಹರ್ಷಿತ್!” ಎಂದು ನಾನು ಕಿರುಚಿದೆ. “ಮುನೀ! ಲೇ ಮುನೀ!” ಎಂದು ಅತ್ತೆ ಕಿರುಚಿದರು. ಎರಡು ಹೆಸರೂ ಒಟ್ಟಿಗೆ ಅಂಗಳ ತುಂಬಿದವು. ಬೀದಿಯಲ್ಲಿದ್ದ ನಾಯಿ ಕೂಡ ತಿರುಗಿತು. ಅವನು ಟೊಮೆಟೊ ಒಂದನ್ನು ಅಂಗಿಗೆ ಒರೆಸಿಕೊಂಡು ಬಾಯಿಗಿಟ್ಟ.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತೆ ಓಡಿಹೋಗಿ ತೋಳು ಹಿಡಿದು ಎಳೆದುಕೊಂಡಿದ್ದರು. ಇಬ್ಬರೂ ಬುಟ್ಟಿಗಳ ಮೇಲೆ ಬಿದ್ದರು. ಅತ್ತೆಯ ಮೊಣಕೈ ತರಚಿ ರಕ್ತ ಬರುತ್ತಿತ್ತು. ಡ್ರೈವರು ಇಳಿದು ಓಡಿ ಬಂದ. “ಅಷ್ಟು ಕೂಗಿದ್ರಲ್ಲಮ್ಮಾ, ಮಗೂಗೆ ಕೇಳ್ಸಲ್ವಾ?” ಅಂದ.

ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂಗು ಕೇಳಿ ತೋಟದಿಂದ ಓಡಿಬಂದ ನನ್ನ ಗಂಡನಿಗೆ ಅಂದರು: “ಕೋಲಾರಕ್ಕೆ ಕರ್ಕೊಂಡೋಗಪ್ಪ. ಹೆಸರು ಗಿಸರು ಆಮೇಲೆ ನೋಡಾನ. ಕಿವಿ ತೋರ್ಸು.”

ಕೋಲಾರದ ಆಸ್ಪತ್ರೆಯಲ್ಲಿ ಮಗು ನಿದ್ದೆಯಲ್ಲಿದ್ದಾಗಲೇ ಪರೀಕ್ಷೆ ಮಾಡಬೇಕು ಅಂದರು. ಸಿರಪ್ಪು ಕುಡಿಸಿದೆವು. ಅವನು ನಿದ್ದೆ ಮಾಡಲು ಒಪ್ಪದೆ ಅತ್ತು, ಕೊನೆಗೆ ನನ್ನ ಗಂಡನ ಹೆಗಲ ಮೇಲೆ ಸೋತು ಮಲಗಿದ. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ ಒಳಗೆ ಕರೆದುಕೊಂಡರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಬಾಗಿಲ ಮೇಲೆ ನಿಶ್ಶಬ್ದವಾಗಿರಿ ಎಂದು ಬರೆದಿತ್ತು. ನನ್ನ ಗಂಡ ಮಂಡಿ ಅಲ್ಲಾಡಿಸುತ್ತಲೇ ಇದ್ದರು. ನಾನು ಕೈಯಿಟ್ಟು ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ಗೋಡೆಯ ಆಚೆ ಅವನ ಕಿವಿಗೆ ಎಂಥ ಸದ್ದು ಹಾಕುತ್ತಿದ್ದಾರೋ, ಅವನು ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಎಂದು ಕಿವಿಗೊಟ್ಟು ಕೂತಿದ್ದೆ, ನನಗೆ ಕೇಳಿಸಿದರೆ ಅವನಿಗೂ ಕೇಳಿಸುತ್ತದೆ ಅನ್ನುವ ಹಾಗೆ.

ಕಿವಿ ಪರೀಕ್ಷೆ ಮಾಡಿದ್ದು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. ಬಲಗಿವಿ ಹೆಚ್ಚುಕಡಿಮೆ ಏನೂ ಕೇಳುತ್ತಿಲ್ಲ. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ, ತುಂಬ ದೊಡ್ಡ ಸದ್ದಾದರೆ ಅಷ್ಟಿಷ್ಟು ತಲುಪುತ್ತದೆ. ಹುಟ್ಟಿನಿಂದಲೇ ಹೀಗಿರಬಹುದು. ಕೇಳದೆ ಇದ್ದದ್ದರಿಂದ ಮಾತು ಬಂದಿಲ್ಲ.

ನಾನು ಅಳಲಿಲ್ಲ. ನನ್ನ ಗಂಡ ಕೇಳಿದರು: “ಹೆಸರಿನಿಂದ ಏನೂ ಆಗಿಲ್ವಲ್ಲ ಮೇಡಂ?”

ಆಕೆ ನಗುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಆಕೆ ನಗಲಿಲ್ಲ. “ಹೆಸರಿನಿಂದ ಏನೂ ಆಗಲ್ಲ. ಏನಂತ ಕರೀತೀರಿ ಇವನನ್ನ?”

ಮುನಿ ಎಂದು ಅವರು, ಹರ್ಷಿತ್ ಎಂದು ನಾನು, ಇಬ್ಬರೂ ಒಟ್ಟಿಗೆ ಹೇಳಿದೆವು.

ಆಕೆ ನಮ್ಮಿಬ್ಬರನ್ನೂ ನೋಡಿದರು. “ಎರಡೆರಡು ಬೇಡ. ಈಗ ಕಿವಿಗೆ ಕೇಳಿಸೋ ಯಂತ್ರ ಕೊಡ್ತೀವಿ. ಅದನ್ನ ಹಾಕಿದ ಮೇಲೆ ಇವನು ಮೊದಲು ಕಲೀಬೇಕಾದ ಸದ್ದು ತನ್ನ ಹೆಸರೇ. ಮನೇಲಿ ಎಲ್ಲರೂ ಒಂದೇ ಹೆಸರು ಹೇಳಬೇಕು. ಮುನಿ ಚೆನ್ನಾಗಿದೆ, ಅದನ್ನೇ ಇಟ್ಕೊಳ್ಳಿ. ಚಿಕ್ಕದು. ‘ಮು’ ಅನ್ನುವಾಗ ತುಟಿ ಮುಚ್ಚಿ ಮುಂದೆ ಬರುತ್ತೆ, ‘ನಿ’ ಅನ್ನುವಾಗ ಬಾಯಿ ಅಗಲ ಆಗುತ್ತೆ. ಕೇಳಿಸದೆ ಹೋದರೂ ಮುಖ ನೋಡಿ ಗುರುತು ಹಿಡೀತಾನೆ. ಹರ್ಷಿತ್ ಅನ್ನೋದು ಬಾಯೊಳಗೇ ಉಳಿದುಬಿಡುತ್ತೆ, ನೋಡೋರಿಗೆ ಕಾಣಲ್ಲ.”

ದೇವರು, ಋಷಿ, ಬಾವಿ, ಮುನಿಸು ಯಾವುದನ್ನೂ ಆಕೆ ಕೇಳಲಿಲ್ಲ. ನನ್ನ ಮಗನ ಹೆಸರನ್ನು ಒಬ್ಬರು ತುಟಿಯ ಲೆಕ್ಕದಲ್ಲಿ ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಬಾಯಿ ನೋಡಿಕೊಳ್ಳುತ್ತಾ ಸದ್ದಿಲ್ಲದೆ ಮುನಿ, ಮುನಿ ಎಂದು ಹೇಳಿ ನೋಡಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಹಂಗಂದ್ರೆ ಹೆಸರಿಂದ ಅಲ್ಲ ಅಂತೀಯ?” ಅಂದಳು. ಅಲ್ಲ ಅಂದೆ. ಅವಳು ಅಳಲು ಶುರು ಮಾಡಿದಳು. ಹೆಸರಿಂದ ಆಗಿದ್ದರೇ ಚೆನ್ನಾಗಿತ್ತು ಎಂದು ಅವಳಿಗೂ ಅನ್ನಿಸಿರಬೇಕು.

ಯಂತ್ರ ಬಂದ ಮೊದಲ ದಿನಗಳು ಸುಖದವಲ್ಲ. ಅವನು ಕಿತ್ತು ಎಸೆಯುತ್ತಿದ್ದ. ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ರಾಶಿಯಲ್ಲಿ ಬಿದ್ದುಹೋಗಿ ನಾನೂ ಗಂಡನೂ ಎಲೆ ಎಲೆ ಮಗುಚಿ ಹುಡುಕಿದೆವು. ದಿನಾ ಎದುರಿಗೆ ಕೂರಿಸಿಕೊಂಡು ಕರೆಯುವುದು, ಅವನು ನೋಡಿದರೆ ಒಂದು ಒಣದ್ರಾಕ್ಷಿ. ದ್ರಾಕ್ಷಿಗೆ ನೋಡುತ್ತಿದ್ದನೋ ಹೆಸರಿಗೋ ಗೊತ್ತಾಗುತ್ತಿರಲಿಲ್ಲ. ವಾರಗಳು ಕಳೆದಂತೆ ನನ್ನ ದನಿಯಲ್ಲೇ ಏನೋ ಕೊರತೆ ಇರಬೇಕು ಅನ್ನಿಸತೊಡಗಿತು.

ಅವನು ಮೊದಲ ಸಲ ತಿರುಗಿದ್ದು ನನಗಲ್ಲ. ಅತ್ತೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಅವನು ಬೆನ್ನು ಹಾಕಿ ಕೋಳಿಯ ಹಿಂದೆ ಹೊರಟಿದ್ದ. ಅಭ್ಯಾಸಬಲದಿಂದ, ಏನೂ ನಿರೀಕ್ಷೆ ಇಲ್ಲದೆ, ಅತ್ತೆ “ಲೇ ಮುನೀ, ಎಲ್ಲಿಗ್ಲಾ?” ಅಂದರು. ಅವನು ನಿಂತ. ತಿರುಗಿ ಅವರ ಮುಖ ನೋಡಿದ. ಅತ್ತೆಯ ಕೈಯಿಂದ ಒದ್ದೆ ಸೀರೆ ಮಣ್ಣಿಗೆ ಬಿತ್ತು. ಮತ್ತೊಮ್ಮೆ ಕರೆಯಿರಿ ಅತ್ತೆ ಎಂದು ನಾನು ಅಂದರೆ ಅವರು ಬ್ಯಾಡ ಎಂದು ತಲೆಯಾಡಿಸಿದರು. ಮತ್ತೊಮ್ಮೆ ಕರೆದು, ತಿರುಗದೆ ಹೋದರೆ ಎಂಬ ಹೆದರಿಕೆ ಅವರಿಗೆ.

ಆಮೇಲೆ ತಿರುಗಿದ. ನನಗೂ ತಿರುಗಿದ. ಈಗ ಅವನಿಗೆ ನಾಲ್ಕು ವರ್ಷ. ವಾರಕ್ಕೆ ಎರಡು ಸಲ ಮಾಲೂರಿಗೆ ಮಾತಿನ ತರಬೇತಿಗೆ ಕರೆದುಕೊಂಡು ಹೋಗುತ್ತೇನೆ. ಅಮ್ಮ, ಬಾ, ಬೇಡ ಎಂಬ ಕೆಲವು ಮಾತು ಬಂದಿವೆ. ತನ್ನನ್ನು ತೋರಿಸಿಕೊಂಡು ‘ಮು’ ಅನ್ನುತ್ತಾನೆ. ‘ನಿ’ ಇನ್ನೂ ಬಂದಿಲ್ಲ. ಹರ್ಷಿತ್ ಎಂಬ ಹೆಸರನ್ನು ನಾನು ಬಿಟ್ಟೆ. ಅಮ್ಮ ಮಾತ್ರ ಇವತ್ತಿಗೂ ಯಾವ ಹೆಸರೂ ಹಿಡಿಯದೆ ತೆಲುಗಿನಲ್ಲಿ ‘ನಾನ್ನಾ’, ಅಪ್ಪಾ, ಎಂದು ಕರೆಯುತ್ತಾಳೆ.

ಯಂತ್ರ ಸಾಲದು, ಆಪರೇಷನ್ ಮಾಡಿ ಬಲಗಿವಿಯ ಒಳಗೇ ಒಂದು ಉಪಕರಣ ಇಡಿಸಿ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾವು ಒಪ್ಪಿದ್ದೇವೆ. ದಿನ ಗೊತ್ತಾಗಿಲ್ಲ. ತಲೆಯ ಹತ್ತಿರ ಕತ್ತರಿ ಆಡುವುದನ್ನು ನೆನೆದರೆ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಕೆಳಗಿಡುತ್ತೇನೆ. ಫೋನ್ ಬಂದಾಗಲೆಲ್ಲ ಆಸ್ಪತ್ರೆಯದಿರಲಿ ಎಂದೂ ಆಗಿರದಿರಲಿ ಎಂದೂ ಒಟ್ಟಿಗೇ ಅನ್ನಿಸುತ್ತದೆ.

ಮೊನ್ನೆ ಅತ್ತೆ ಅವನಿಗೆ ರಾಗಿಮುದ್ದೆಯ ತುತ್ತು ಮಾಡಿ ಕೊಡುತ್ತಾ ಕೇಳಿದರು: “ಆಪರೇಷನ್ ಆದಮ್ಯಾಕೆ ನನ್ ಮಾತು ಇವನಿಗೆ ಸರಿಯಾಗಿ ಕೇಳ್ಸುತ್ತಾ?”

“ಕೇಳುತ್ತಂತೆ ಅತ್ತೆ.”

“ನಾನು ಕರೆದಂಗೇ ಕೇಳ್ಸುತ್ತಾ?”

ಅದನ್ನು ನಾನೂ ಕೋಲಾರದಲ್ಲಿ ಕೇಳಿದ್ದೆ. ಮೊದಮೊದಲು ಮನುಷ್ಯರ ದನಿಯ ಹಾಗಿರುವುದಿಲ್ಲವಂತೆ, ತಗಡು ಬಡಿದ ಹಾಗೆ ಕೇಳಬಹುದಂತೆ. ಅಭ್ಯಾಸವಾಗುತ್ತಾ ಆಗುತ್ತಾ ಅದೇ ದನಿಯಾಗುತ್ತದಂತೆ, ಎಷ್ಟು ದಿನಕ್ಕೆ ಎಂದು ಹೇಳಲಾಗುವುದಿಲ್ಲವಂತೆ. ಅತ್ತೆಗೆ ಅಷ್ಟನ್ನೂ ಹೇಳುವ ಧೈರ್ಯ ನನಗೆ ಬರಲಿಲ್ಲ.

“ಹಂಗೇ ಕೇಳುತ್ತಂತೆ” ಅಂದೆ. ಅವರು ತುತ್ತನ್ನು ಸಾರಿನಲ್ಲಿ ಅದ್ದಿ ಅವನ ಬಾಯಿಗಿಟ್ಟರು.