ಪಟಂಗಾಟಾದ ಹೆಂಗಸರನ್ನು ಕುಣಿಸುವ ಪಿಸಿಲಾ

ಹೊತ್ತು ಹುಟ್ಟುವ ಮುಂಚೆ ಟೋಂಗಾ ದ್ವೀಪದ ಪಟಂಗಾಟಾದ ಕಡಲ ದಂಡೆಯಲ್ಲಿ ನಾಯಿಗಳೂ ಎದ್ದಿರುವುದಿಲ್ಲ. ಪಿಸಿಲಾ ಫೋನುವಾ ಮಾತ್ರ ಚರ್ಚಿನ ಅಂಗಳದ ದೀಪ ಹಾಕಿ, ರಾತ್ರಿ ಹಂದಿಗಳು ಕೆದಕಿ ಹೋದ ಮಣ್ಣನ್ನು ಕಾಲಿನಿಂದ ಸಮ ಮಾಡುತ್ತಿದ್ದಾಳೆ. ಒಬ್ಬೊಬ್ಬರಾಗಿ ಹೆಂಗಸರು ಬರುತ್ತಾರೆ. ಲಂಗದ ಮೇಲೆ ಮಗನ ರಗ್ಬಿ ಅಂಗಿ ತೊಟ್ಟವರು, ಮಂಡಿಗೆ ಬಟ್ಟೆ ಸುತ್ತಿಕೊಂಡವರು, ಇನ್ನೂ ಪೂರ್ತಿ ಕಣ್ಣು ಬಿಡದವರು. ಸ್ಪೀಕರಿನಲ್ಲಿ ಡೋಲು ಶುರುವಾಗುತ್ತಲೇ ಪಿಸಿಲಾಳ ದನಿ ಏರುತ್ತದೆ. ಜೀವ ಬಾಯಿಗೆ ಬರುವಷ್ಟು ಜಿಗಿತ, ಉಸಿರು ಹಿಡಿಯುವಷ್ಟು ಬಿಡುವು, ಮತ್ತೆ ಜಿಗಿತ. ಬೆಳಕು ಹರಿಯುವ ಹೊತ್ತಿಗೆ ಅಂಗಳದ ತುಂಬ ಏದುಸಿರು, ನಗು, ಬೈಗುಳ.

"ಯಾರ್ ಕೂತ್ಕೋತಾರೋ ಅವರ ಗಂಡನ್ನ ನಾಳೆ ಕರ್ಕೊಂಡ್ ಬಂದು ಕುಣಿಸ್ತೀನಿ," ಎಂದು ಹೆದರಿಸುತ್ತಾಳೆ. ಯಾರೂ ಕೂರುವುದಿಲ್ಲ.

ಪಿಸಿಲಾಗೆ ಈಗ ಮೂವತ್ತಾರು. ಬೆಳಗಿನ ಕುಣಿತ ಮುಗಿದರೆ ರಾಜಧಾನಿ ನುಕುವಲೋಫಾದ ಮಾರುಕಟ್ಟೆಯಲ್ಲಿ ಸೋದರತ್ತೆ ಸೆಲು ಜೊತೆ ಕೂತು ಗೆಣಸು, ಕೆಸುವಿನ ಗಡ್ಡೆ ಮಾರುತ್ತಾಳೆ. ಸಂಜೆ ಪೇಟೆಯ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಾಳೆ. ಹೆಂಗಸರ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆಯಲ್ಲಿ ಗೆಲ್ಲಬೇಕೆಂಬುದು ಅವಳ ಹಳೆಯ ಹುಚ್ಚು. ಅಂಗಳದ ತರಗತಿಗೆ ಶುಲ್ಕವಿಲ್ಲ. ಒಬ್ಬಳು ಮೀನು ತಂದುಕೊಡುತ್ತಾಳೆ, ಇನ್ನೊಬ್ಬಳು ಎಳನೀರು. ಸಕ್ಕರೆ ಕಾಯಿಲೆಯಿಲ್ಲದ ಮನೆಯೇ ಅಪರೂಪವಾದ ಈ ಊರಿನಲ್ಲಿ ಇವಳು ಮಾಡುತ್ತಿರುವುದು ಎಷ್ಟು ದೊಡ್ಡ ಕೆಲಸವೆಂದು ಯಾರೂ ಕೂತು ಯೋಚಿಸಿದಂತಿಲ್ಲ. ಅವಳಂತೂ ಯೋಚಿಸಿಲ್ಲ.

ತೊಡಕೆಂದರೆ ಈ ಎರಡು ಕೆಲಸಗಳದು ಎಣ್ಣೆ ಸೀಗೆಕಾಯಿ ಸಂಬಂಧ. ಸ್ಪರ್ಧೆ ಹತ್ತಿರವಾದಂತೆ ಊಟ ಇಳಿಸಬೇಕು, ಉಪ್ಪು ಬಿಡಬೇಕು, ಕಟ್ಟಿಕೊಂಡ ಮಾಂಸಖಂಡವನ್ನು ಕಾಪಾಡಿಕೊಳ್ಳಬೇಕು. ಅಂಗಳದಲ್ಲಿಯೋ, ಇದ್ದಬದ್ದ ಶಕ್ತಿಯನ್ನೆಲ್ಲ ಸುರಿಯಬೇಕು. ಹಸಿದ ಮೈಯಲ್ಲಿ ದಿನವೂ ಹಾಗೆ ಜಿಗಿದರೆ ಕಟ್ಟಿದ ಮೈಯೇ ಕರಗುತ್ತದೆ. ಆಕ್ಲೆಂಡಿನಿಂದ ಫೋನಿನಲ್ಲೇ ಅವಳಿಗೆ ತರಬೇತಿ ಕೊಡುವ ದೊಡ್ಡಪ್ಪನ ಮಗ ಸೆಮಿಸಿ, ತರಗತಿ ನಿಲ್ಲಿಸು ಎಂದು ಪಟ್ಟು ಹಿಡಿದಿದ್ದ.

ಎರಡು ವರ್ಷದ ಹಿಂದೆ ಅವಳು ಆ ಮಾತು ಕೇಳಿ ತರಗತಿ ನಿಲ್ಲಿಸಿದ್ದಳು. ಸ್ಪರ್ಧೆ ಮುಗಿಸಿ ಅಂಗಳಕ್ಕೆ ಮರಳಿದಾಗ ಬಂದವರು ನಾಲ್ಕೇ ಮಂದಿ. ಉಳಿದವರು ಮನೆ ಸೇರಿ ಕೂತಿದ್ದರು. ಪಕ್ಕದ ಮನೆಯ ಲೋಸೆಯ ಸಕ್ಕರೆ ಏರಿ, ಗಾಯ ಮಾಯದೆ, ಎಡಗಾಲಿನ ಎರಡು ಬೆರಳು ತೆಗೆಸಬೇಕಾಗಿ ಬಂದಿತ್ತು. ಆ ಮಾತು ಬಂದರೆ ಪಿಸಿಲಾ ಈಗಲೂ ತಲೆ ತಗ್ಗಿಸುತ್ತಾಳೆ. "ನಾನಿದ್ದಿದ್ರೆ ಬೆರಳು ಉಳೀತಿತ್ತು ಅಂತ ಹೇಳಲ್ಲ. ಡಾಕ್ಟ್ರೂ ಹಾಗೆ ಹೇಳಿಲ್ಲ. ಆದ್ರೆ ನಾನಿರ್ಲಿಲ್ಲ, ಅಷ್ಟೇ."

ಈ ವರ್ಷ ಮತ್ತೆ ಸ್ಪರ್ಧೆ ಬಂತು. ಮೊದಲ ಎರಡು ಸ್ಥಾನದವರಿಗೆ ಫಿಜಿಯ ಸುವಾದಲ್ಲಿ ನಡೆಯುವ ದ್ವೀಪದೇಶಗಳ ಕ್ರೀಡಾಕೂಟಕ್ಕೆ ಹೋಗುವ ಅವಕಾಶ. ಈ ವಯಸ್ಸಿಗೆ ಅವಳಿಗೆ ಇದೇ ಕೊನೆಯ ಸರದಿಯೆಂದು ಸೆಮಿಸಿ ಮುಚ್ಚುಮರೆಯಿಲ್ಲದೆ ಹೇಳಿದ. ಈ ಸಲ ಅವಳು ಎರಡನ್ನೂ ಬಿಡಲಿಲ್ಲ. ಬಿಡದ್ದಕ್ಕೆ ಒಂದು ಬೆಳಿಗ್ಗೆ ಜಿಗಿತದ ನಡುವೆಯೇ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಹೆಂಗಸರು ಓಡಿಹೋಗಿ ಕರಿದ ಉಂಡೆ, ಡಬ್ಬಿ ಮಾಂಸ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸು, ಸಿಕ್ಕಿದ್ದೆಲ್ಲ ತಂದರು. ಅವಳು ಒಂದನ್ನೂ ಮುಟ್ಟದಿದ್ದಾಗ ಸೆಲು ಅತ್ತೆ ಮುಖ ಊದಿಸಿಕೊಂಡಳು. ಟೋಂಗಾದಲ್ಲಿ ಸೋದರತ್ತೆಯ ಮಾತು ಪಾದ್ರಿಯ ಮಾತಿಗಿಂತ ಒಂದು ತೂಕ ಹೆಚ್ಚು. ಅವಳು ಕೊಟ್ಟ ತುತ್ತನ್ನು ಬೇಡವೆನ್ನುವ ಅಣ್ಣನ ಮಗಳು ಈ ಕೇರಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಮರುದಿನದಿಂದ ಪಿಸಿಲಾ ಕುಣಿಯದೆ ನಿಂತಲ್ಲೇ ನಿಂತು ಕೂಗಿ ನೋಡಿದಳು. ಬೆರಳು ಹೋದ ಮೇಲೆ ಗೋಡೆ, ಕಂಬಿ ಹಿಡಿದುಕೊಂಡೇ ಅಂಗಳಕ್ಕೆ ಬರತೊಡಗಿದ್ದ ಲೋಸೆಯೇ ಕುಟುಕಿದಳು: "ನೀನೇನ್ ಪಾದ್ರೀನಾ? ನೀನ್ ನಿಂತ್ಕೊಂಡ್ ಮಾತಾಡೋದು, ನಾವ್ ಬೆವರ್ಸೋದು." ಎಲ್ಲರೂ ನಕ್ಕರು, ಆದರೆ ಜಿಗಿತ ಸಪ್ಪೆಯಾಯಿತು. ಮೈ ಬಗ್ಗಿಸೆಂದು ಹೇಳುವವರು ತಾವೂ ಬಗ್ಗಿಸಬೇಕೆಂಬುದು ಇಲ್ಲಿಯವರ ನ್ಯಾಯ.

ದಾರಿ ತೋರಿಸಿದವಳು ಮುಖ ಊದಿಸಿಕೊಂಡಿದ್ದ ಅತ್ತೆಯೇ. ಸೆಲು ಪ್ರಾಯದಲ್ಲಿ ಊರಿನ ಸಾಲುಕುಣಿತದ ನಡುವೆ ನಿಂತವಳು. ಅವಳ ಕೈ ತಿರುಗಿದರೆ ಸಾಲಿಗೆ ಸಾಲೇ ತಿರುಗುತ್ತಿತ್ತಂತೆ. ಒಂದು ಬೆಳಿಗ್ಗೆ ಗೆಣಸಿನ ಪೆಟ್ಟಿಗೆಯನ್ನು ಬೋರಲು ಹಾಕಿ ಪಿಸಿಲಾಳನ್ನು ಅದರ ಮೇಲೆ ಕೂರಿಸಿ, ನೀನು ನೋಡು, ನಾನು ಕುಣಿಯುತ್ತೇನೆ ಎಂದಳು. ಅತ್ತೆಯ ಕಾಲು ನೆಲದಿಂದ ಒಂದು ಗೇಣೂ ಮೇಲೇಳುವುದಿಲ್ಲ, ಆದರೆ ತಾಳ ಒಂದಿಷ್ಟೂ ತಪ್ಪುವುದಿಲ್ಲ. ಹೆಂಗಸರು ಅವಳ ಹಿಂದೆ ಕುಣಿದರು. ಪೆಟ್ಟಿಗೆಯ ಮೇಲೆ ಕೂತವಳಿಗೂ ಹೊಸದೊಂದು ಸಿಕ್ಕಿತು. "ಕುಣೀತಿದ್ದಾಗ ನನ್ನ ಮಂಡೀನೇ ನೋಡ್ಕೋತಿದ್ದೆ. ಕೂತ್ಮೇಲೆ ಅವರ ಮಂಡಿ ಕಾಣಿಸ್ತು. ಯಾರಿಗೆ ಎಲ್ಲಿ ನೋವು, ಯಾರು ಉಸಿರು ಕಟ್ತಾರೆ, ಎಲ್ಲಾ."

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಭಾನುವಾರದ ನೆಲದೊಲೆಯ ಊಟಕ್ಕೆ ಇಡೀ ಕುಟುಂಬ ಹಂದಿಮಾಂಸದ ಮುಂದೆ ಕೂತರೆ, ಇವರಿಬ್ಬರೂ ಮೂಲೆಯಲ್ಲಿ ಉಪ್ಪಿಲ್ಲದ ಮೀನು ತಿಂದರು. ಇದಕ್ಕೆ ನಾನೇನು ಪಾಪ ಮಾಡಿದ್ದೆ ಎಂದು ಸೆಲು ಪ್ರತಿ ಭಾನುವಾರ ಗೊಣಗಿದಳು, ಪ್ರತಿ ಭಾನುವಾರ ತಟ್ಟೆ ಖಾಲಿ ಮಾಡಿದಳು.

ಸ್ಪರ್ಧೆಯ ದಿನ ಅಂಗಳದ ಹೆಂಗಸರೆಲ್ಲ ವಿಶೇಷ ದಿನಗಳಲ್ಲಿ ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಸುತ್ತಿ, ಚರ್ಚಿಗೆ ಹೊರಟವರಂತೆ ಬಂದು ಮುಂದಿನ ಸಾಲು ಹಿಡಿದರು. ಇಂಥ ಸ್ಪರ್ಧೆಯನ್ನು ಅವರು ಕಂಡಿದ್ದಿಲ್ಲ. ಪಿಸಿಲಾ ಮಾಂಸಖಂಡ ಎದ್ದು ಕಾಣಲೆಂದು ಕಂದು ಬಣ್ಣ ಬಳಿದುಕೊಂಡು, ಅದರ ಮೇಲೆ ಎಣ್ಣೆ ಸವರಿಕೊಂಡು ದೀಪದ ಕೆಳಗೆ ಬಂದು ನಿಂತಳು. ಸಂಗೀತ ಶುರುವಾಯಿತು. ಎಣ್ಣೆ ಸವರಿದ ಮನೆಮಗಳು ಸಂಗೀತಕ್ಕೆ ವೇದಿಕೆಯಲ್ಲಿ ನಿಂತರೆ ಟೋಂಗಾದವರು ಮಾಡುವುದು ಒಂದೇ. ಕುಣಿಯುತ್ತಾ ಹೋಗಿ ಅವಳ ಮೈಗೆ ನೋಟು ಅಂಟಿಸುತ್ತಾರೆ. ಅದು ಮೆಚ್ಚುಗೆ, ಅದು ಮರ್ಯಾದೆ. ಸೆಲು ಎದ್ದಳು, ಹಿಂದೆಯೇ ಎಲ್ಲರೂ ಎದ್ದು ವೇದಿಕೆಯ ಮೆಟ್ಟಿಲು ಹತ್ತಿದರು.

ಮೈಕಿನವನು ಬೇಡಮ್ಮಾ ಬೇಡಮ್ಮಾ ಎಂದು ಗೋಗರೆದ. ಪರದೇಶದ ತೀರ್ಪುಗಾರರು ಬಿಟ್ಟ ಬಾಯಿ ಮುಚ್ಚಲಿಲ್ಲ. ಒಂದೊಂದು ನೋಟು ಅಂಟಿದಾಗಲೂ ಬಣ್ಣ ಎದ್ದು ಬಂತು, ತೋಳಿನ ತುಂಬ ಬೆರಳಚ್ಚು ಮೂಡಿತು. ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಬಣ್ಣ ಉಳಿಯುತ್ತಿತ್ತು. ಅವಳು ಸರಿಯಲಿಲ್ಲ. "ನೋಟು ತಂದವರಿಗೆ ಬೆನ್ನು ತಿರುಗಿಸೋದು ನಮ್ಮಲ್ಲಿಲ್ಲ," ಎನ್ನುತ್ತಾಳೆ. ಎತ್ತಿದ ತೋಳನ್ನು ಇಳಿಸದೆ, ನಗುತ್ತಲೇ ನಿಂತಳು.

ಮೂರನೆಯ ಸ್ಥಾನ ಬಂತು. ಸುವಾಗೆ ಬೇರೆ ಇಬ್ಬರು ಹೊರಟರು. ಬಣ್ಣ ಕೆಟ್ಟಿದ್ದಕ್ಕೇ ಅಂಕ ಹೋಯಿತೆಂದು ಅತ್ತೆಗೆ ಮರುದಿನ ಯಾರೋ ಹೇಳಿದರು. ಅವಳು ಅಂಗಳಕ್ಕೂ ಬರಲಿಲ್ಲ, ಮಾರುಕಟ್ಟೆಗೂ ಬರಲಿಲ್ಲ, ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಪಿಸಿಲಾ ಹೋಗಿ ಕಾಲ ಬಳಿ ಕೂತಳು. ಸುವಾ ತಪ್ಪಿದ್ದಕ್ಕೆ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ ಎಂದಳು. ಆಮೇಲೆ ವೇದಿಕೆಯ ಮೇಲಿಂದ ತನಗೆ ಕಂಡದ್ದನ್ನು ಹೇಳಿದಳು. ಅತ್ತೆ ಎದ್ದು ಕೂತದ್ದು ಅದನ್ನು ಕೇಳಿದ ಮೇಲೆಯೇ.

"ನಿಮ್ಮ ನೋಟೂ ನೋಡ್ಲಿಲ್ಲ ಅತ್ತೆ, ಜಡ್ಜುಗಳನ್ನೂ ನೋಡ್ಲಿಲ್ಲ. ಲೋಸೆ ಮೆಟ್ಲು ಹತ್ತೋದನ್ನೇ ನೋಡ್ತಿದ್ದೆ. ಅವಳು ಕಂಬಿ ಹಿಡೀಲೇ ಇಲ್ಲ."